ಮಕ್ಕಳ ಮಂಡಿಯ ಲೆಕ್ಕ ಯಾರ ಬಳಿ ಇದೆ? ತುಮಕೂರಿನ ಈಜು ತರಬೇತುದಾರರಿಗೊಂದು ಬಹಿರಂಗ ಪತ್ರ

ಇವರಿಗೆ,
ತುಮಕೂರು ನಗರ ಮತ್ತು ಜಿಲ್ಲೆಯ ಈಜು ತರಬೇತುದಾರರು ಹಾಗೂ ಈಜುಕೊಳಗಳನ್ನು ನಡೆಸುವವರು

ವಿಷಯ: ಸ್ಪರ್ಧೆಗೆ ಈಜುವ ಹದಿಹರೆಯದ ಮಕ್ಕಳ ಮಂಡಿ ನೋವು, ಕಾಲಿನ ಸ್ನಾಯುಗಳ ಸಮತೋಲ

ಮಾನ್ಯರೇ,

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವವಳು. ಸೊಂಟ ಹಿಡಿದುಕೊಂಡ ತೋಟದ ಕೆಲಸದವರು, ಮಂಡಿ ಸವೆದ ಅಜ್ಜಿಯರು, ಹೈವೇಯಲ್ಲಿ ಬೈಕಿನಿಂದ ಬಿದ್ದ ಹುಡುಗರು, ಹೆಚ್ಚಾಗಿ ಇಂಥವರೇ ನನ್ನ ಬಳಿ ಬರುತ್ತಾರೆ. ಕೆಲವು ವರ್ಷಗಳಿಂದ ಇವರ ಜೊತೆಗೆ ಇನ್ನೊಂದು ಗುಂಪೂ ಬರತೊಡಗಿದೆ. ಹನ್ನೆರಡರಿಂದ ಹದಿನಾರರ ಒಳಗಿನ ಮಕ್ಕಳು, ಸ್ಕೂಲ್ ಯೂನಿಫಾರ್ಮಿನಲ್ಲೇ ಬರುತ್ತಾರೆ, ತಲೆಗೂದಲಲ್ಲಿ ಇನ್ನೂ ಕ್ಲೋರಿನ್ ವಾಸನೆ ಇರುತ್ತದೆ. ಎಲ್ಲರೂ ನಿಮ್ಮ ಶಿಷ್ಯರೇ. ಎಲ್ಲರೂ ಹೇಳುವುದು ಮಂಡಿಯ ನೋವನ್ನೇ.

ಈ ಪತ್ರ ಯಾವುದೇ ಒಬ್ಬ ಕೋಚ್ ಮೇಲಿನ ದೂರಲ್ಲ. ಯಾವ ಕೊಳದ ಹೆಸರನ್ನೂ ನಾನು ಬರೆಯುವುದಿಲ್ಲ, ಬರೆಯಬೇಕಾದ ಅಗತ್ಯವೂ ಇಲ್ಲ. ಮಕ್ಕಳು ಬೇರೆಬೇರೆ ಕಡೆಯಿಂದ ಬಂದರೂ ಹೇಳುವ ಕಥೆ ಒಂದೇ ಆಗಿರುವಾಗ ತಪ್ಪಿರುವುದು ಒಬ್ಬರ ಕೈಯಲ್ಲಲ್ಲ, ನಾವೆಲ್ಲ ಒಪ್ಪಿಕೊಂಡು ಬಂದಿರುವ ಪದ್ಧತಿಯಲ್ಲಿ. ಬೆಳಗಿನ ಜಾವ ಐದಕ್ಕೇ ಎದ್ದು ಕೊಳದ ಬಾಗಿಲು ತೆರೆಯುವವರು ನೀವು. ಬೆಂಗಳೂರಿನ ದೊಡ್ಡ ಅಕಾಡೆಮಿಗಳಲ್ಲಿ ಇರುವ ಅರ್ಧ ಸೌಕರ್ಯವೂ ಇಲ್ಲದೆ ಮಕ್ಕಳನ್ನು ರಾಜ್ಯಮಟ್ಟಕ್ಕೆ ಕರೆದುಕೊಂಡು ಹೋಗುವವರು ನೀವು. ಆ ಗೌರವ ಇಟ್ಟುಕೊಂಡೇ ನೇರವಾಗಿ ಕೇಳುತ್ತೇನೆ: ಪ್ರತಿ ಮಗುವಿನ ಐವತ್ತು ಮೀಟರ್ ಟೈಮಿಂಗ್ ಸೆಕೆಂಡಿನ ನೂರನೇ ಭಾಗದವರೆಗೆ ನಿಮ್ಮ ಪುಸ್ತಕದಲ್ಲಿದೆ. ಅದೇ ಮಗುವಿನ ಎಡಗಾಲು, ಬಲಗಾಲುಗಳ ಬಲದಲ್ಲಿ ಎಷ್ಟು ವ್ಯತ್ಯಾಸ ಇದೆ ಎಂಬುದು ಎಲ್ಲಾದರೂ ಬರೆದಿದೆಯೇ?

ಇತ್ತೀಚೆಗೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಅವಳ ಅಮ್ಮ ಕರೆತಂದಿದ್ದರು. ನನ್ನನ್ನು ಕಂಡ ಕೂಡಲೇ, "ಏನಿಲ್ಲ ಮೇಡಂ, ಬೆಳೆಯೋ ಹುಡುಗಿ, ಕಾಲು ನೋವು ಅಂತಾಳೆ. ಒಂದು ಕ್ರೀಂ ಬರ್ಕೊಡಿ, ಮುಂದಿನ ವಾರ ಮೀಟ್ ಇದೆ" ಅಂದರು. ಹುಡುಗಿ ಮಾತಾಡಲಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಮಂಡಿಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ಅಲ್ಲಿ ಒತ್ತಿದೆ, ಮುಖ ಕಿವುಚಿದಳು. ಮಂಡಿಯನ್ನು ಸ್ವಲ್ಪವೇ ಮಡಿಸಿ ಕಣಕಾಲನ್ನು ಹೊರಕ್ಕೆ ಎಳೆದಾಗ ನನ್ನ ಕೈ ಹಿಡಿದುಕೊಂಡಳು. ಕೀಲು ಸಡಿಲವಾಗಿರಲಿಲ್ಲ, ಹರಿದಿರಲಿಲ್ಲ. ಒಳಬದಿಯ ಅಸ್ಥಿರಜ್ಜು, ಅಂದರೆ ತೊಡೆಯೆಲುಬನ್ನೂ ಕಣಕಾಲಿನೆಲುಬನ್ನೂ ಹಿಡಿದಿಡುವ ಪಟ್ಟಿ, ಎಳೆದೆಳೆದು ರೊಚ್ಚಿಗೆದ್ದಿತ್ತು.

ಆಮೇಲೆ ಅವಳನ್ನು ಒಂದು ಕುಳ್ಳ ಸ್ಟೂಲಿನ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವಂತೆ ನಿಧಾನವಾಗಿ ಬಗ್ಗು ಅಂದೆ. ಬಲಗಾಲಲ್ಲಿ ಪರವಾಗಿಲ್ಲ ಅನ್ನುವಂತೆ ಬಗ್ಗಿದಳು. ಎಡಗಾಲಲ್ಲಿ ಅರ್ಧ ಬಗ್ಗುವಷ್ಟರಲ್ಲಿ ಮಂಡಿ ಒಳಕ್ಕೆ ವಾಲಿತು, ಸೊಂಟ ಇನ್ನೊಂದು ಬದಿಗೆ ಜಾರಿತು. ಮಲಗಿಸಿ ಒಂದೇ ಕಾಲಿನ ಮೇಲೆ ಪೃಷ್ಠ ಎತ್ತಿಸಿದೆ. ಬಲಗಾಲಲ್ಲಿ ಇಪ್ಪತ್ತು ಸಲ ಎತ್ತಿದಳು. ಎಡಗಾಲಲ್ಲಿ ಒಂಬತ್ತಕ್ಕೆ ತೊಡೆಯ ಹಿಂಭಾಗ ಹಿಡಿದುಕೊಂಡು ಬಿಟ್ಟಿತು. ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕಾಲು ಮಡಿಸಿ ಒದೆಯುವ ಈಜು) ಒಂದೇ ಉಸಿರಿನ ಹುಮ್ಮಸ್ಸಿನಲ್ಲಿ ಈಜುವ ಹುಡುಗಿ ಇವಳು.

ಕೇಳಿ ತಿಳಿದದ್ದು ಇಷ್ಟು. ಅವಳು ಮೊದಲು ಫ್ರೀಸ್ಟೈಲ್ ಈಜುತ್ತಿದ್ದಳು. ಮೆಡ್ಲೆ ರಿಲೇಗೆ ನಾಲ್ಕು ಬಗೆಯ ಈಜಿನ ನಾಲ್ವರು ಬೇಕು, ಬ್ರೆಸ್ಟ್‌ಸ್ಟ್ರೋಕ್‌ಗೆ ಯಾರೂ ಇರಲಿಲ್ಲ. ಅವಳನ್ನು ಅದಕ್ಕೆ ಹಾಕಿದರು. ಮೀಟ್ ಹತ್ತಿರವಿದ್ದುದರಿಂದ ದಿನವೂ ಕೈಗೆ ತೇಲುವ ಬೋರ್ಡ್ ಹಿಡಿಸಿ ಬರೀ ಕಿಕ್ ಹೊಡೆಸಿದರು. ನೋವು ಅಂದಾಗ ಕಿಕ್ ಬಲವಿಲ್ಲ, ಅದಕ್ಕೇ ನೋವು ಎಂದು ಇನ್ನೂ ನಾಲ್ಕು ಉದ್ದ (ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಉದ್ದ) ಹೆಚ್ಚಿಸಿದರು.

ಮಾನ್ಯರೇ, ಇದರಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಆ ಕಿಕ್‌ನಲ್ಲಿ ಮಂಡಿಗೆ ಏನಾಗುತ್ತದೆ ಎಂಬುದನ್ನು ದಯವಿಟ್ಟು ಒಮ್ಮೆ ನೋಡಿ. ಮಂಡಿ ಮುಖ್ಯವಾಗಿ ಬಾಗಿಲ ಕೀಲಿನ ಹಾಗೆ, ಮುಂದಕ್ಕೂ ಹಿಂದಕ್ಕೂ ಮಡಿಯುವುದೇ ಅದರ ಕೆಲಸ. ಮಡಿಸಿದಾಗ ಮಾತ್ರ ಅಲ್ಪಸ್ವಲ್ಪ ತಿರುಗುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಹಿಮ್ಮಡಿಯನ್ನು ಪೃಷ್ಠದ ಕಡೆ ಎಳೆದು, ಪಾದವನ್ನು ಹೊರಕ್ಕೆ ತಿರುಗಿಸಿ, ಚಾಟಿ ಬೀಸಿದಂತೆ ಹಿಂದಕ್ಕೆ ಹೊಡೆಯಬೇಕು. ಆ ಹೊಡೆತದಲ್ಲಿ ಕಣಕಾಲು ಹೊರಕ್ಕೆ ತಿರುಗಿದ್ದು, ಮಂಡಿ ಒಳಕ್ಕೆ ತಳ್ಳಿಸಿಕೊಳ್ಳುತ್ತಾ ವೇಗವಾಗಿ ನೇರವಾಗುತ್ತದೆ. ತಿರುಗುವ ಕೆಲಸದ ಬಹುಪಾಲು ಸೊಂಟದ ಕೀಲು ಮಾಡಬೇಕು. ಸೊಂಟ ಬಿಗಿಯಾಗಿದ್ದರೆ, ಅದರ ಸ್ನಾಯುಗಳಲ್ಲಿ ಬಲ ಸಾಲದಿದ್ದರೆ, ಆ ತಿರುಚನ್ನು ಮಂಡಿ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಒಳಬದಿಯ ಅಸ್ಥಿರಜ್ಜು ಪ್ರತಿ ಕಿಕ್‌ಗೂ ಜಗ್ಗುತ್ತದೆ.

ಲೆಕ್ಕ ಹಾಕಿ. ಇಪ್ಪತ್ತೈದು ಮೀಟರ್ ಕೊಳದಲ್ಲಿ ಸಾವಿರ ಮೀಟರ್ ಅಂದರೆ 40 ಉದ್ದ. ಉದ್ದವೊಂದಕ್ಕೆ ಹತ್ತೇ ಕಿಕ್ ಎಂದಿಟ್ಟುಕೊಂಡರೂ 400 ಸಲ ಜಗ್ಗಾಟ, ಒಂದೇ ಬೆಳಗಿನಲ್ಲಿ. ಬರೀ ಬೋರ್ಡ್ ಹಿಡಿದು ಕಿಕ್ ಮಾತ್ರ ಹೊಡೆದರೆ ಇನ್ನೂ ಹೆಚ್ಚು.

ಇದು ನಾನು ಕಂಡುಹಿಡಿದ ಸಂಗತಿಯೇನಲ್ಲ. ಬ್ರೆಸ್ಟ್‌ಸ್ಟ್ರೋಕ್ ಈಜುಗಾರರ ಮಂಡಿ ನೋವಿಗೆ ಪ್ರತ್ಯೇಕ ಹೆಸರಿಟ್ಟು ಕೆನಡಾದ ವೈದ್ಯರು ಬರೆದದ್ದು 1974ರಲ್ಲಿ. 1985ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದ ಬ್ರೆಸ್ಟ್‌ಸ್ಟ್ರೋಕ್ ಈಜುಗಾರರಲ್ಲಿ ಶೇಕಡಾ 86 ಮಂದಿಗೆ ಒಂದಲ್ಲ ಒಂದು ಸಲ ಈ ನೋವು ಬಂದಿತ್ತು. 1987ರ ಇನ್ನೊಂದು ಅಧ್ಯಯನ ಕಿಕ್ ಶುರುವಾಗುವಾಗ ತೊಡೆಗಳು ಎಷ್ಟು ಅಗಲಕ್ಕೆ ತೆರೆದಿರುತ್ತವೆ ಎಂದು ಅಳೆದು, 37ರಿಂದ 42 ಡಿಗ್ರಿಯ ಆಚೆಈಚೆ ಹೋದವರಲ್ಲಿ ನೋವು ಬಹಳ ಹೆಚ್ಚು ಎಂದು ಹೇಳಿತು. ಅಂದರೆ ತೀರಾ ಕಿರಿದಾದರೂ ತೊಂದರೆ, ತೀರಾ ಅಗಲವಾದರೂ ತೊಂದರೆ. ಕೊಳದ ಅಂಚಿನಲ್ಲಿ ನಿಂತ ಅನುಭವಿ ಕೋಚ್ ಕಣ್ಣಿಗೆ ಇದು ಗೊತ್ತಾಗುತ್ತದೆ. ಕಣ್ಣಿಗೆ ಕಂಡದ್ದನ್ನು ತಿದ್ದುವ ವ್ಯವಧಾನ ಮಾತ್ರ ಮೀಟ್ ಹತ್ತಿರ ಬಂದಾಗ ಯಾರಿಗೂ ಇರುವುದಿಲ್ಲ.

"ಈಜಿದರೆ ಮಂಡಿಗೆ ಒಳ್ಳೆಯದು ಅಂತಾರಲ್ಲ ಮೇಡಂ" ಎಂದು ಅಪ್ಪಂದಿರು ಕೇಳುತ್ತಾರೆ. ಮಂಡಿ ಸವೆದ ಅರವತ್ತು ದಾಟಿದವರನ್ನು ನಾನೇ ನೀರಿಗೆ ಕಳಿಸುತ್ತೇನೆ. ನೀರು ಮೈಭಾರ ಹೊರುತ್ತದೆ, ಕೀಲಿಗೆ ಪೆಟ್ಟು ಬೀಳುವುದಿಲ್ಲ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಕಾಲಾಡಿಸುವವರಿಗೆ ಈ ಮಾತು ಸರಿ. ದಿನಕ್ಕೆ ಎರಡು ಹೊತ್ತು, ಮೂರು ಸಾವಿರ ಮೀಟರ್ ಹೊಡೆಯುವ ಹದಿಮೂರರ ಹುಡುಗನಿಗೆ ಅದೇ ಮಾತನ್ನು ಹೇಳಲಾಗದು. ಮೇಲಾಗಿ ನೀರಿನ ಆ ಗುಣವೇ ಬೆಳೆಯುವ ಮಕ್ಕಳ ವಿಷಯದಲ್ಲಿ ಒಂದು ಕೊರತೆ. ಮೈಭಾರ ಹೊತ್ತಾಗ ಮೂಳೆ ಗಟ್ಟಿಯಾಗುತ್ತದೆ. ಓಡುವ, ಕುಣಿಯುವ, ಜಿಗಿಯುವ ಮಕ್ಕಳ ಮೂಳೆಗೆ ಸಿಗುವ ಆ ಲಾಭ ಬರೀ ನೀರಿನಲ್ಲೇ ಇರುವ ಮಗುವಿಗೆ ಸಿಗುವುದಿಲ್ಲ.

ಸ್ನಾಯುಗಳ ವಿಷಯವೂ ಹಾಗೇ. ಇದೇ ಈ ಪತ್ರದ ತಿರುಳು, ಸ್ವಲ್ಪ ಸಾವಧಾನವಾಗಿ ಓದಬೇಕೆಂದು ಕೋರುತ್ತೇನೆ.

ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ಹೊರುತ್ತದೆ. ಓಡುತ್ತಿದ್ದವರು ಗಕ್ಕನೆ ನಿಂತಾಗ ತೊಡೆಯ ಮುಂಭಾಗ, ಹಿಂಭಾಗ ಎರಡೂ ಬ್ರೇಕ್ ಹಾಕುತ್ತವೆ. ಮಂಡಿಯನ್ನು ಕಾಪಾಡುವುದು ಈ ಬ್ರೇಕ್ ಹಾಕುವ ಬಲ. ನೀರಿನಲ್ಲಿ ಇದಕ್ಕೆ ಕೆಲಸವೇ ಇಲ್ಲ. ತಳ್ಳಿದರೆ ನೀರು ತಡೆಯುತ್ತದೆ, ತಳ್ಳುವುದು ನಿಲ್ಲಿಸಿದರೆ ತಡೆಯೂ ನಿಲ್ಲುತ್ತದೆ. ಆದ್ದರಿಂದ ವರ್ಷಗಟ್ಟಲೆ ಈಜಿದ ಮಗುವಿನ ತೊಡೆಯ ಮುಂಭಾಗ, ಅಂದರೆ ಮಂಡಿಯನ್ನು ನೇರಮಾಡುವ ಕ್ವಾಡ್ರಿಸೆಪ್ಸ್, ಚೆನ್ನಾಗಿಯೇ ಬೆಳೆದಿರಬಹುದು. ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ಪೃಷ್ಠದ ಪಕ್ಕದ ಸ್ನಾಯುಗಳು ಅದಕ್ಕೆ ಸಮನಾಗಿ ಬೆಳೆದಿರುವುದಿಲ್ಲ. ಬಲ ಅಳೆಯುವ ಯಂತ್ರದಲ್ಲಿ ನಿಧಾನ ವೇಗದಲ್ಲಿ ಪರೀಕ್ಷಿಸಿದಾಗ ಹಿಂಭಾಗದ ಬಲ ಮುಂಭಾಗದ ಬಲದ ಶೇಕಡಾ 60ರ ಆಸುಪಾಸಿನಲ್ಲಾದರೂ ಇರಬೇಕು, ಎಡಬಲಗಳ ನಡುವಿನ ವ್ಯತ್ಯಾಸ ಶೇಕಡಾ 10ರಿಂದ 15 ದಾಟಬಾರದು ಎಂಬುದು ನಮ್ಮ ವೃತ್ತಿಯಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ. ಆ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ಅದನ್ನು ತನ್ನಿ ಎಂದು ನಾನು ಕೇಳುತ್ತಿಲ್ಲ. ಸ್ಟೂಲಿನಿಂದ ಒಂಟಿ ಕಾಲಲ್ಲಿ ಇಳಿಸಿ ನೋಡಿದರೆ, ಒಂಟಿ ಕಾಲಲ್ಲಿ ಪೃಷ್ಠ ಎತ್ತಿಸಿ ಎಣಿಸಿದರೆ ನಿಮಗೆ ಬೇಕಾದ ಸುದ್ದಿ ಮುಕ್ಕಾಲು ಪಾಲು ಸಿಗುತ್ತದೆ.

ಹೆಣ್ಣುಮಕ್ಕಳಲ್ಲಿ ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. ಮೈನೆರೆದ ಮೇಲೆ ಅವರಲ್ಲಿ ತೊಡೆಯ ಮುಂಭಾಗದ ಬಲ ಏರುತ್ತಾ ಹೋಗುತ್ತದೆ, ಹಿಂಭಾಗದ್ದು ಅಷ್ಟು ವೇಗವಾಗಿ ಏರುವುದಿಲ್ಲ. ಸೊಂಟ ಅಗಲವಾದಂತೆ ಮಂಡಿ ಒಳಕ್ಕೆ ವಾಲುವುದೂ ಸುಲಭ. ಆದರೆ ನಮ್ಮ ಊರಲ್ಲಿ ನೆಲದ ವ್ಯಾಯಾಮ ತಪ್ಪಿಸಿಕೊಳ್ಳುವವರಲ್ಲಿ ಇವರೇ ಹೆಚ್ಚು. ಹುಡುಗರೆಲ್ಲ ನೋಡುತ್ತಿರುವಾಗ ಸ್ಕ್ವಾಟ್ ಮಾಡಲು ಸಂಕೋಚ, ಮನೆಯಲ್ಲಿ "ಕಾಲು ದಪ್ಪ ಆಗುತ್ತೆ" ಅನ್ನುವ ಮಾತು. ಒಂದು ಮೂಲೆ, ಒಂದು ಪರದೆ, ಜೊತೆಗೆ ನಿಲ್ಲಲು ಒಬ್ಬ ಹಿರಿಯ ಈಜುಗಾರ್ತಿ ಇದ್ದರೆ ಅರ್ಧ ಸಂಕೋಚ ಹೋಗುತ್ತದೆ.

ಇನ್ನು ಬೆಳವಣಿಗೆಯ ವಿಚಾರ. ಹುಡುಗಿಯರು ಸರಾಸರಿ ಹನ್ನೆರಡರ ಸುಮಾರಿಗೆ, ಹುಡುಗರು ಹದಿನಾಲ್ಕರ ಸುಮಾರಿಗೆ ಒಮ್ಮೆಲೇ ಎತ್ತರಕ್ಕೆ ಬೆಳೆಯುತ್ತಾರೆ. ವರ್ಷಕ್ಕೆ ಎಂಟೊಂಬತ್ತು ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಉದ್ದವಾದ ಕಾಲನ್ನು ಹಿಡಿತಕ್ಕೆ ತಂದುಕೊಳ್ಳಲು ಸ್ನಾಯುಗಳಿಗೆ ಕೆಲವು ತಿಂಗಳು ಬೇಕು. ನಿನ್ನೆಯವರೆಗೆ ಸೊಗಸಾಗಿ ಈಜುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಲಯ ತಪ್ಪಿದರೆ ಅದು ಸೋಮಾರಿತನ ಅಲ್ಲದಿರಬಹುದು, ಅವನ ಕಾಲೇ ಬೇರೆಯಾಗಿರುತ್ತದೆ. ಇದೇ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಕಣಕಾಲಿನೆಲುಬಿನ ಮೇಲ್ತುದಿಯಲ್ಲಿ ಗಂಟು ಕಾಣಿಸಿಕೊಂಡು ನೋಯುವುದುಂಟು. ಇದಕ್ಕೆ ಆಸ್‌ಗುಡ್-ಶ್ಲಾಟರ್ ಎಂದು ಹೆಸರು. 1903ರಲ್ಲಿ ಅಮೆರಿಕದ ಆಸ್‌ಗುಡ್, ಸ್ವಿಟ್ಜರ್ಲೆಂಡಿನ ಶ್ಲಾಟರ್ ಬೇರೆಬೇರೆಯಾಗಿ ಇದನ್ನು ವಿವರಿಸಿದ್ದರು. ಇನ್ನೂ ಗಟ್ಟಿಯಾಗದ ಮೂಳೆಯ ಆ ಜಾಗವನ್ನು ತೊಡೆಯ ಮುಂಭಾಗದ ಸ್ನಾಯು ಪದೇಪದೇ ಜಗ್ಗುವುದರಿಂದ ಬರುವ ನೋವು ಅದು. ಕೊಳದ ಗೋಡೆ ಒದ್ದು ಹೊರಡುವಾಗ, ಸ್ಪರ್ಧೆ ಶುರುವಾಗುವ ಬ್ಲಾಕ್ ಮೇಲಿಂದ ಜಿಗಿಯುವಾಗ, ಪಾದಕ್ಕೆ ಫಿನ್ಸ್ (ರಬ್ಬರ್ ರೆಕ್ಕೆ) ಹಾಕಿ ಕಿಕ್ ಹೊಡೆಯುವಾಗ ಅಲ್ಲೇ ಎಳೆತ. ನೆನಪಿರಲಿ, ಇಪ್ಪತ್ತೈದು ಮೀಟರ್ ಕೊಳದಲ್ಲಿ ಮೂರು ಸಾವಿರ ಮೀಟರ್‌ಗೆ ನೂರಕ್ಕೂ ಹೆಚ್ಚು ಸಲ ಗೋಡೆ ಒದೆಯಬೇಕು.

ಇಂಥ ಗಂಟು ಕಂಡು ಹೆದರಿ, ಸಾಲ ಮಾಡಿ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದ ಒಬ್ಬ ತಂದೆ ನನಗೆ ಗೊತ್ತು. ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಕೊಳದಲ್ಲಿ ಯಾರಾದರೂ ಒಬ್ಬರು, "ಹೆದರಬೇಡಿ ಅಣ್ಣ, ಈ ವಯಸ್ಸಲ್ಲಿ ಬರುತ್ತೆ, ಸ್ವಲ್ಪ ದಿನ ಜಿಗಿಯೋದು ಕಮ್ಮಿ ಮಾಡಿಸೋಣ, ಡಾಕ್ಟರಿಗೆ ಒಂದ್ಸಲ ತೋರಿಸಿ" ಎಂದು ಹೇಳಿದ್ದರೆ ಆ ಸಾಲ ಆಗುತ್ತಿರಲಿಲ್ಲ.

ಕೊಳಗಳ ಬಳಿ ಡ್ರೈಲ್ಯಾಂಡ್ (ನೆಲದ ವ್ಯಾಯಾಮ) ಎಂಬ ಹೆಸರಿನಲ್ಲಿ ನಡೆಯುವುದನ್ನೂ ನಾನು ನಿಂತು ನೋಡಿದ್ದೇನೆ. ಮೂವತ್ತು ಮಕ್ಕಳು, ಹತ್ತು ವರ್ಷದವರೂ ಹದಿನಾರರವರೂ ಒಟ್ಟಿಗೆ, ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕಪ್ಪೆ ಜಿಗಿತ. ನೆಲಕ್ಕೆ ಬೀಳುವಾಗ ಯಾರ ಮಂಡಿ ಒಳಕ್ಕೆ ಬೀಳುತ್ತಿದೆ ಎಂದು ನೋಡುವವರಿಲ್ಲ. ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಇನ್ನೂ ಐವತ್ತು. ನೀರಿನಲ್ಲಿ ಮಾತಾಡಿದವರಿಗೆ ಶಿಕ್ಷೆಯಾಗಿ ಬ್ರೆಸ್ಟ್‌ಸ್ಟ್ರೋಕ್ ಕಿಕ್. ಬೇಸಿಗೆ ರಜೆಯಲ್ಲಂತೂ ಶಿಬಿರದ ಮಕ್ಕಳೂ ಸ್ಪರ್ಧೆಯ ಮಕ್ಕಳೂ ಒಂದಾಗಿ, ಒಬ್ಬ ಕೋಚ್‌ಗೆ ಎಷ್ಟು ಮಕ್ಕಳೋ ಹೇಳುವಂತಿಲ್ಲ. ಶಿಕ್ಷೆ ಕೊಡಲೇಬೇಕೆಂದಿದ್ದರೆ ಬೇರೆ ಏನಾದರೂ ಕೊಡಿ. ಲೇನ್ ಹಗ್ಗ ಸುತ್ತಿಸಿ, ಬೋರ್ಡ್‌ಗಳನ್ನು ಜೋಡಿಸಿಡಲು ಹೇಳಿ. ಮಂಡಿಯನ್ನು ಶಿಕ್ಷೆಗೆ ಬಳಸಬೇಡಿ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನ ಹದಿನಾಲ್ಕರ ಧಿನಿಧಿ ದೇಸಿಂಘು. ಅಂದಿನಿಂದ ನಮ್ಮೂರಿನ ಅಪ್ಪಅಮ್ಮಂದಿರ ಕಣ್ಣಲ್ಲೂ ಹೊಸ ಆಸೆ ಇದೆ. ಒಳ್ಳೆಯದೇ. 2000ದ ಸಿಡ್ನಿಯಲ್ಲಿ ನಿಶಾ ಮಿಲ್ಲೆಟ್, ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಶ್ರೀಹರಿ ನಟರಾಜ್, ಹೀಗೆ ಈಜಿನಲ್ಲಿ ಕರ್ನಾಟಕದ ಹೆಸರು ದೊಡ್ಡದು. ಆದರೆ ಹದಿನಾಲ್ಕಕ್ಕೆ ಆ ಮಟ್ಟಕ್ಕೆ ಏರುವ ಮಕ್ಕಳು ಕೈಬೆರಳೆಣಿಕೆಯಷ್ಟು. ಉಳಿದವರ ಉತ್ತಮ ವರ್ಷಗಳು ಮುಂದೆ ಇವೆ. ಎಸ್ಸೆಸ್ಸೆಲ್ಸಿ ಬಂತೆಂದು ಈಜು ಬಿಡುವ ಮಕ್ಕಳ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಮಂಡಿ ನೋವು ಎಂದು ಹೇಳಲಾಗದೆ, ಓದಿನ ನೆಪ ಹೇಳಿ ಬಿಟ್ಟವರೂ ಅವರಲ್ಲಿದ್ದಾರೆ. ನನ್ನ ಮುಂದೆ ಕೂತು ಅದನ್ನು ಒಪ್ಪಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ನನ್ನ ಕೋರಿಕೆಗಳು ದೊಡ್ಡವಲ್ಲ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ವಾರಕ್ಕೆ ಮೂರು ದಿನ, ನೀರಿಗೆ ಇಳಿಯುವ ಮುಂಚೆ ಇಪ್ಪತ್ತು ನಿಮಿಷ ಕಾಲುಗಳಿಗೆ ಮೀಸಲಿಡಿ. ಐದರಿಂದ ಹದಿನೇಳು ವರ್ಷದ ಮಕ್ಕಳು ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು, ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಜಿಮ್ ಬೇಡ. ಗ್ಯಾಲರಿಯ ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ನಿಧಾನವಾಗಿ ಇಳಿಯುವುದು, ಇಳಿಯುವಾಗ ಮಂಡಿ ಪಾದದ ನೇರಕ್ಕೇ ಇರಬೇಕು. ಮಲಗಿ ಒಂಟಿ ಕಾಲಿನ ಮೇಲೆ ಪೃಷ್ಠ ಎತ್ತುವುದು. ಮಂಡಿಗಳ ಮೇಲ್ಗಡೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಅರ್ಧ ಬಗ್ಗಿ ಪಕ್ಕಕ್ಕೆ ಹೆಜ್ಜೆ ಹಾಕುವುದು. ಹಿಮ್ಮಡಿ ಎತ್ತಿ ಇಳಿಸುವುದು. ತೊಡೆಯ ಹಿಂಭಾಗಕ್ಕೆ ಇನ್ನೊಂದಿದೆ: ಮಂಡಿಯೂರಿ ಕೂತ ಮಗುವಿನ ಕಣಕಾಲನ್ನು ಜೊತೆಗಾರ ಒತ್ತಿ ಹಿಡಿಯುತ್ತಾನೆ, ಮಗು ಬೆನ್ನು ನೇರವಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತದೆ, ತಡೆಯಲಾರದಾಗ ಕೈಯೂರುತ್ತದೆ. ಫುಟ್‌ಬಾಲ್ ಆಟಗಾರರಲ್ಲಿ ತೊಡೆಯ ಹಿಂಭಾಗದ ಗಾಯ ಬಹಳಷ್ಟು ತಗ್ಗಿದ್ದು ಈ ವ್ಯಾಯಾಮದಿಂದ. ಶುರುವಿನಲ್ಲಿ ನಾಲ್ಕೈದು ಸಲ ಸಾಕು. ಹೆಚ್ಚು ಮಾಡಿಸಿದರೆ ಮಾರನೇ ದಿನ ಮಕ್ಕಳಿಗೆ ಕೂರಲೂ ಆಗುವುದಿಲ್ಲ.

ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಹೇಳಿಕೊಡುವವರು ಪಕ್ಕದಲ್ಲಿದ್ದು, ರೀತಿ ಸರಿಯಿದ್ದು, ಹಂತಹಂತವಾಗಿ ಹೆಚ್ಚಿಸಿದರೆ ಬೆಳವಣಿಗೆಗೆ ಅಡ್ಡಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಾನು ಕೇಳುತ್ತಿರುವುದಂತೂ ಬಹುತೇಕ ಸ್ವಂತ ಮೈಭಾರದ ವ್ಯಾಯಾಮ.

ಎರಡನೆಯದು ಲೆಕ್ಕ. ತಿಂಗಳಿಗೊಮ್ಮೆ ಪ್ರತಿ ಮಗುವಿನ ಎತ್ತರ ಬರೆದಿಡಿ. ಗೋಡೆಗೆ ಟೇಪ್ ಅಂಟಿಸಿದರೆ ಆಯಿತು. ಎತ್ತರ ದಡದಡನೆ ಏರುತ್ತಿರುವ ತಿಂಗಳುಗಳಲ್ಲಿ ಜಿಗಿತ, ಫಿನ್ಸ್, ಬ್ರೆಸ್ಟ್‌ಸ್ಟ್ರೋಕ್ ಕಿಕ್ ಇವನ್ನು ಇಳಿಸಿ, ಈಜುವ ಶೈಲಿ ತಿದ್ದಲು ಆ ಸಮಯ ಬಳಸಿ. ಮೂರು ತಿಂಗಳಿಗೊಮ್ಮೆ ಎಡಗಾಲು, ಬಲಗಾಲು ಎಂದು ಎರಡು ಅಂಕಣ ಹಾಕಿ ಒಂಟಿ ಕಾಲಿನ ಪರೀಕ್ಷೆಗಳನ್ನು ಬರೆದಿಡಿ. ಟೈಮಿಂಗ್ ಪುಸ್ತಕದ ಹಿಂಬದಿಯ ಪುಟವೇ ಸಾಕು.

ಬ್ರೆಸ್ಟ್‌ಸ್ಟ್ರೋಕ್‌ನ ಪ್ರಮಾಣವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ಮೈ ಬಿಸಿಯಾಗದೆ ಕಿಕ್ ಸೆಟ್ ಕೊಡಬೇಡಿ, ಡಿಸೆಂಬರ್ ಜನವರಿಯ ಚಳಿಯಲ್ಲಂತೂ ಬೇಡವೇ ಬೇಡ. ವರ್ಷದಲ್ಲಿ ಎರಡು ತಿಂಗಳಾದರೂ ಬ್ರೆಸ್ಟ್‌ಸ್ಟ್ರೋಕ್‌ಗೆ ಬಿಡುವು ಕೊಡಿ ಎಂಬುದು ಕ್ರೀಡಾವೈದ್ಯರ ಹಳೆಯ ಸಲಹೆ. ರಿಲೇಗೆ ಜನ ಸಾಲದೆಂದು ಮೀಟ್‌ನ ಹೊಸ್ತಿಲಲ್ಲಿ ಮಗುವಿನ ಸ್ಟ್ರೋಕ್ ಬದಲಿಸುವುದನ್ನು ನಿಲ್ಲಿಸಿ.

ನೋವಿನ ಬಗ್ಗೆ ಒಂದು ನಿಯಮ ಬರೆದು ಕೊಳದ ಗೋಡೆಯ ಮೇಲೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮಂಡಿ ನೋವು ಎಂದ ಮಗುವನ್ನು ಯಾರೂ ಬೈಯುವಂತಿಲ್ಲ. ಅಂದೇ ಕಿಕ್ ನಿಲ್ಲಿಸಬೇಕು. ಈಜು ನಿಲ್ಲಿಸಬೇಕಾಗಿಲ್ಲ, ತೊಡೆಗಳ ನಡುವೆ ಪುಲ್ ಬಾಯ್ (ಕಾಲನ್ನು ತೇಲಿಸುವ ಫೋಮ್ ತುಂಡು) ಇಟ್ಟುಕೊಂಡು ಕೈಯಿಂದ ಈಜಬಹುದು. ಕುಂಟುತ್ತಿದ್ದರೆ, ಮಂಡಿ ಊದಿದ್ದರೆ, ಮಡಿಸಿದ ಕಾಲು ಸಿಕ್ಕಿಕೊಂಡಂತೆ ಆದರೆ, ರಾತ್ರಿ ನಿದ್ದೆಯಲ್ಲಿ ಎಬ್ಬಿಸುವಷ್ಟು ನೋವಿದ್ದರೆ ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ಮಾತು, ಇದನ್ನು ಡಾಕ್ಟರುಗಳೂ ಕೆಲವೊಮ್ಮೆ ಮರೆಯುತ್ತಾರೆ: ಈ ವಯಸ್ಸಿನಲ್ಲಿ ಸೊಂಟದ ಕೀಲಿನ ತೊಂದರೆ ಮಂಡಿಯ ನೋವಾಗಿ ಕಾಣಿಸಿಕೊಳ್ಳಬಹುದು. ತೊಡೆಯೆಲುಬಿನ ತಲೆ ತನ್ನ ಜಾಗದಿಂದ ಜಾರುವ ಒಂದು ಕಾಯಿಲೆ ಬೆಳೆಯುವ ಮಕ್ಕಳಲ್ಲೇ ಬರುತ್ತದೆ, ತಡವಾದರೆ ಕೀಲು ಹಾಳಾಗುತ್ತದೆ. ಮಂಡಿ ಎಷ್ಟು ನೋಡಿದರೂ ಏನೂ ಸಿಗದಿದ್ದರೆ ಸೊಂಟವನ್ನೂ ನೋಡಲು ಹೇಳಿ.

ಜಿಲ್ಲೆಯ ಕ್ರೀಡಾ ಅಧಿಕಾರಿಗಳು ಈ ಪತ್ರ ಓದಿದರೆ ಅವರಲ್ಲೂ ಒಂದು ಮನವಿ. ಜಿಲ್ಲಾಮಟ್ಟದ ಈಜು ಸ್ಪರ್ಧೆ ನಡೆಯುವಾಗ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಜೊತೆ ಒಬ್ಬ ಫಿಸಿಯೋ ಕೂಡ ಇರಲಿ. ಜಿಲ್ಲೆಯ ಕೋಚ್‌ಗಳಿಗೂ ದೈಹಿಕ ಶಿಕ್ಷಕರಿಗೂ ಸೇರಿ ವರ್ಷಕ್ಕೊಂದು ದಿನದ ಕಾರ್ಯಾಗಾರ ನಡೆಸಿ. ಇದಕ್ಕೆ ಹೊಸ ಅನುದಾನ ಬೇಕಾಗಿಲ್ಲ, ಒಂದು ಹಾಲ್, ಒಂದು ಸುತ್ತೋಲೆ ಸಾಕು.

ಪೋಷಕರಿಗೆ ಹೇಳುವುದು ಸ್ವಲ್ಪವೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಲಿ. ಪ್ರ್ಯಾಕ್ಟೀಸ್ ಮುಗಿಸಿ ಬರುವಾಗ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸುವುದು ಸರಿ, ಮಧ್ಯಾಹ್ನ ರಾಗಿಮುದ್ದೆ, ಸೊಪ್ಪು, ಬೇಳೆಯನ್ನೂ ತಪ್ಪಿಸಬೇಡಿ. ಕ್ಯಾಲ್ಸಿಯಂ ವಿಚಾರದಲ್ಲಿ ರಾಗಿಯ ಹತ್ತಿರಕ್ಕೆ ಅಕ್ಕಿ, ಗೋಧಿ ಬರುವುದಿಲ್ಲ. ನೋವು ನುಂಗುವ ಮಾತ್ರೆ ಕೊಟ್ಟು ಮಗುವನ್ನು ಸ್ಪರ್ಧೆಗೆ ಇಳಿಸಬೇಡಿ. ನೋವು ಕಾಣದಂತಾಗುತ್ತದೆಯೇ ಹೊರತು ಮಂಡಿಯ ಎಳೆತ ನಿಲ್ಲುವುದಿಲ್ಲ.

ಆ ಹುಡುಗಿ ಆ ಮೀಟ್‌ಗೆ ಹೋಗಲಿಲ್ಲ. ಅವಳ ಕೋಚ್ ಜೊತೆ ನಾನು ಫೋನಿನಲ್ಲಿ ಮಾತಾಡಿದೆ. ಮೊದಲು ಸಿಟ್ಟಾದರು, ಆಮೇಲೆ ಪೂರ್ತಿ ಕೇಳಿಸಿಕೊಂಡರು, ಕೊನೆಗೆ "ಇದನ್ನೆಲ್ಲ ನಮಗೆ ಯಾರೂ ಹೇಳಿಕೊಟ್ಟೇ ಇಲ್ಲ ಮೇಡಂ" ಅಂದರು. ಅವರ ಮಾತು ನಿಜ. ಫಿಸಿಯೋಗಳಾದ ನಾವು ಕ್ಲಿನಿಕ್ ಒಳಗೇ ಉಳಿದಿದ್ದೇವೆ, ನೀವು ಕೊಳದ ಬಳಿಯೇ ಉಳಿದಿದ್ದೀರಿ. ಮಗು ಮಾತ್ರ ಇಬ್ಬರ ನಡುವೆ ಓಡಾಡುತ್ತಿದೆ.

ಆದ್ದರಿಂದ ಬೇಸಿಗೆ ಶಿಬಿರಗಳು ಶುರುವಾಗುವ ಮುಂಚೆ, ಮಾರ್ಚ್ ತಿಂಗಳೊಳಗೆ, ಜಿಲ್ಲೆಯ ಎಲ್ಲ ಈಜು ತರಬೇತುದಾರರೂ ಒಂದು ಕಡೆ ಸೇರುವ ಸಭೆ ಕರೆಯಬೇಕೆಂದು ಕೋರುತ್ತೇನೆ. ಯಾವ ಕೊಳದಲ್ಲಾದರೂ ಸರಿ, ಭಾನುವಾರವಾದರೆ ಅನುಕೂಲ. ನಾನು ಬರುತ್ತೇನೆ, ಊರಿನ ಇತರ ಫಿಸಿಯೋಗಳನ್ನೂ ಕರೆತರುತ್ತೇನೆ. ಪರೀಕ್ಷೆ ಹೇಗೆ ಮಾಡುವುದು, ಹೇಗೆ ಬರೆದಿಡುವುದು ಎಂದು ನಿಮ್ಮ ಮಕ್ಕಳ ಮೇಲೇ ತೋರಿಸಿಕೊಡುತ್ತೇವೆ, ಶುಲ್ಕವಿಲ್ಲ. ಕಿಕ್ ಬಗ್ಗೆ ನಿಮ್ಮಿಂದ ಕಲಿಯಬೇಕಾದದ್ದೂ ನಮಗೆ ಬಹಳ ಇದೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತುಮಕೂರಿನ ಒಬ್ಬ ಫಿಸಿಯೋಥೆರಪಿಸ್ಟ್